ತಗಡಿನ ನೆರಳಿನ ‘ಬೆಸ್ಟ್’ ಅವರಿಗೆ

ಮಾನ್ಯರೇ,

ಇಂಗ್ಲಿಷ್ ಭಾಷೆಯ ಉನ್ನತ ಪೀಠದಿಂದ ನಮ್ಮ ಕಲಬುರಗಿ ಬಜಾರಿನ ಉಪ್ಪಿನ ಗೋಣಿಯವರೆಗೆ ಇಳಿದುಬರಲು ಮನಸ್ಸು ಮಾಡಿದ ‘ಬೆಸ್ಟ್’ ಎಂಬ ಶಬ್ದಮಹಾಶಯರಾದ ತಮಗೆ ಈ ಊರಿನ ಹಳೆಯ ನಿವಾಸಿಯ ಸಲಾಮು.

ತಾವು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಬಜಾರಿನ ಉಸ್ತುವಾರಿ ನೋಡುವ ದಾರೋಗಾ ಬುರ್ಹಾನುದ್ದೀನ್ ಸಾಹೇಬರು ಹೈದರಾಬಾದಿನಲ್ಲಿ ಸರಕಿನ ಮೇಲೆಲ್ಲ ತಮ್ಮ ಹೆಸರಿದ್ದ ಒಂದು ಪ್ರದರ್ಶನ ನೋಡಿ ಬಂದವರೇ, ‘ಬೆಸ್ಟ್’ ಎಂಬ ಫಲಕ ಇಟ್ಟವರಿಗೆ ಮಾತ್ರ ಬಜಾರಿನ ತಗಡಿನ ಚಪ್ಪರದ ನೆರಳು, ಉಳಿದವರಿಗೆ ಬಿಸಿಲು ಎಂದು ಹುಕುಂ ಹೊರಡಿಸಿದರು. ಮರುದಿನವೇ ತಂಬಾಕು, ಬೆಲ್ಲ, ಹಗ್ಗ, ಕಸಬರಿಗೆ ಎಲ್ಲದರ ಮೇಲೂ ತಾವು ವಿರಾಜಮಾನರಾದಿರಿ. ನಿಘಂಟು ತೆರೆದರೆ, ತಾವು ಎಲ್ಲರಲ್ಲೂ ಒಬ್ಬರೇ ಮೇಲು ಎಂಬರ್ಥದವರಂತೆ. ಹುಟ್ಟಿದ್ದು ‘ಪರಿಹಾರ’ ಎಂಬ ಅರ್ಥವಿದ್ದ ಹಳೆಯ ಮನೆತನದಲ್ಲಂತೆ. ‘ಬೆಟರ್’ ತಮ್ಮ ಒಡಹುಟ್ಟು. ‘ಗುಡ್’ ಎಂಬವರಿಗೂ ತಮಗೂ ರಕ್ತಸಂಬಂಧವೇ ಇಲ್ಲ. ಬೇರೆಯವರ ಮನೆಗೆ ಬಂದು ಪಡಸಾಲೆಯ ಮುಂದಿನ ಜಾಗ ಹಿಡಿದ ತಮ್ಮ ಚಾತುರ್ಯಕ್ಕೆ ತಲೆಬಾಗುತ್ತೇನೆ.

ನನ್ನ ತಕರಾರು ಒಂದೇ. ಕಮಲಾಪುರದಿಂದ ಪ್ರತಿ ಶುಕ್ರವಾರ ಕೆಂಪು ಬಾಳೆಹಣ್ಣು ತರುವ ಮಲ್ಕಮ್ಮ ಫಲಕ ಇಡಲೊಲ್ಲಳು. ಹಣ್ಣಾದ ಗೊನೆಯ ಮೇಲಿನ, ಎಲ್ಲಕ್ಕಿಂತ ದಪ್ಪ ಚಿಪ್ಪನ್ನು ಮಾರದೆ, ಅಂದು ಬಾಗಿಲಿಗೆ ಮೊದಲು ಬಂದವರಿಗೆ ತಿನ್ನಲು ಕೊಡುವುದು ಅವರ ಮನೆಯ ರಿವಾಜು. ಆಕೆ ದಾರೋಗಾರಿಗೆ, “ಹ್ಯಾಂಗ ಬರೀಲಿ ರೀ ಸಾಹೇಬ್ರ? ಎಲ್ಲಾಕ್ಕಿಂತ ಛಲೋದು ಮನ್ಯಾಗೇ ಕೊಟ್ಟು ಬಂದೀನಿ. ಇದು ಅದರ ಕೆಳಗಿಂದು” ಎಂದಳು. ಪಕ್ಕದ ದೌಲಪ್ಪ ಬುದ್ಧಿ ಹೇಳಿದ: “ನನ್ನ ಉಪ್ಪಿಗೂ ಬರದೀನಿ ಬೇ ಮಲ್ಕಮ್ಮ, ಉಪ್ಪು ಏನರ ತಕರಾರು ಮಾಡ್ಯಾದೇನು?” ಆಕೆ ಬುಟ್ಟಿ ಎತ್ತಿಕೊಂಡು ಬಿಸಿಲಿಗೆ ಹೋದಳು. ಮಧ್ಯಾಹ್ನದೊಳಗೆ ಹಣ್ಣು ಕಪ್ಪಾಯಿತು. ಹೀಗೇ ಆದರೆ ಕಲಬುರಗಿಗೆ ಬರುವುದನ್ನೇ ಬಿಡುತ್ತೇನೆ ಎಂದಿದ್ದಾಳೆ. ಆಕೆಗೆ ಬೇರೆ ಸಂತೆಯಿಲ್ಲ. ನನಗೆ ಬೇರೆ ಹಣ್ಣು ಸೇರುವುದಿಲ್ಲ.

ಆದ್ದರಿಂದ ತಾವು ದಯಮಾಡಿ ಒಂದು ಶುಕ್ರವಾರ ಖುದ್ದಾಗಿ ಬರಬೇಕು. ಯಾರ ಸರಕಿನ ಮೇಲೆ ಕೂತಿದ್ದೀರೋ ಅದನ್ನೆಲ್ಲ ಒಂದೊಂದಾಗಿ ತಿಂದು ನೋಡಬೇಕು, ತಂಬಾಕು ಮತ್ತು ಕಸಬರಿಗೆ ಸಹಿತ. ಆಮೇಲೂ ನಾಲಿಗೆ ಉಳಿದರೆ ಯಾವುದಾದರೂ ಒಂದರ ಮೇಲೆ ನೆಲೆಸಿ, ಉಳಿದ ಫಲಕಗಳಿಂದ ಎದ್ದು ಹೋಗಬೇಕು. ಅದೂ ಆಗದಿದ್ದರೆ ಮಲ್ಕಮ್ಮನ ಬುಟ್ಟಿಗೆ ಕೊಡೆ ಹಿಡಿದು ಸಂಜೆಯ ತನಕ ನಿಲ್ಲಬೇಕು. ತಮ್ಮ ಹಳೆಯ ಮನೆತನದ ಕಸುಬು ಪರಿಹಾರವೇ ಅಲ್ಲವೇ?

ಬಿಸಿಲಿನಲ್ಲೇ ನಿಂತು ಬಾಳೆಹಣ್ಣು ಕೊಳ್ಳುತ್ತಿರುವ
ತಮ್ಮ ವಿಶ್ವಾಸಿ,
ನೀಲಕಂಠ, ಕಲಬುರಗಿ

ತಾ.ಕ.: ಈ ಪತ್ರ ಅಂಚೆಗೆ ಹಾಕುವ ಮೊದಲೇ ಒಂದು ಸುದ್ದಿ ಬಂತು. ಮಲ್ಕಮ್ಮ ಹೇಳಿದ ಚಿಪ್ಪು ನಿಜವಾಗಿ ಇದೆಯೋ ಇಲ್ಲವೋ ತನಿಖೆ ಮಾಡಲು ದಾರೋಗಾ ಸಾಹೇಬರು ಕಮಲಾಪುರದ ಅವಳ ಮನೆಗೆ ಹೋಗಿ, ಅಂದು ಆ ಬಾಗಿಲಿಗೆ ಮೊದಲು ಬಂದವರು ಅವರೇ ಆಗಿ, ಕಟ್ಟೆಯ ಮೇಲೆ ಕೂತು ಚಿಪ್ಪು ಪೂರ್ತಿ ಮುಗಿಸಿದರಂತೆ. ಬಾಯೊರೆಸಿಕೊಂಡು “ಛಲೋ ಅದ, ಅಮ್ಮಾ” ಎಂದರಂತೆ. ಇವತ್ತು ಮಲ್ಕಮ್ಮ ಫಲಕವಿಲ್ಲದೆ ತಗಡಿನ ಕೆಳಗೆ ಕುಳಿತಿದ್ದಾಳೆ. ಮುಂದಿನ ಗೊನೆ ಯಾವಾಗ ಹಣ್ಣಾಗುತ್ತದೆ ಎಂದು ಸಾಹೇಬರು ಈಗಾಗಲೇ ಎರಡು ಸಲ ವಿಚಾರಿಸಿದ್ದಾರೆ. ತಮ್ಮನ್ನು ಮಾತ್ರ ಇನ್ನೂ ಯಾರೂ ವಿಚಾರಿಸಿಲ್ಲ.