ಸಾವ್ಕಾರ್ರ ಮನೆಗೆ ತಂಪು ತಂದ ತಪ್ಪು

ಬೆವರು ಸುರಿಸಿ ಕೆಲಸ ಮಾಡಿದವನ ಮೇಲೆ, ಕೂತು ನೋಡಿದವರು ಸಿಟ್ಟಾಗುವುದು ನಮ್ಮ ಸೀಮೆಯಲ್ಲಿ ವಾರಕ್ಕೊಮ್ಮೆಯಾದರೂ ನಡೆಯುತ್ತದೆ. ನಾನು ಆರನೇ ಇಯತ್ತೆಗೆ ಸಾಲಿ ಬಿಟ್ಟು, ಊರೂರು ತಿರುಗಿ, ಹೈದರಾಬಾದಿನಲ್ಲಿ ಕೂಲರ್, ಎಸಿ ರಿಪೇರಿ ಕಲಿತವನು. ಒಂದೂರಲ್ಲಿ ಆರು ತಿಂಗಳು ಕಾಲು ನಿಲ್ಲದು. ಹಾಗೆ ಅಲೆಯುತ್ತ, ತೊಂಬತ್ತರ ಆಚೀಚೆ ಒಂದು ಬೇಸಿಗೆಗೆ ಸಿಂಧನೂರಿಗೆ ಬಂದಾಗ ಅಕ್ಕಿ ಗಿರಣಿಯ ಸಾವ್ಕಾರ್ರೊಬ್ಬರು ಕರೆದರು.

ಅವರದು ಮೂರಂತಸ್ತಿನ ಮನೆ. ಮಾಳಿಗೆ ಮೇಲೆ ಎತ್ತಿನ ಗಾಡಿಯಷ್ಟು ದೊಡ್ಡ ಕೂಲರ್. ಅದರ ಗಾಳಿ ತಗಡಿನ ಕೊಳವೆಯಲ್ಲಿಳಿದು ಮೂರೂ ಅಂತಸ್ತಿಗೆ ಬರಬೇಕು. ಪಕ್ಕದಲ್ಲಿ ಭತ್ತದ ಹೊಟ್ಟು ಉರಿಸಿ ನೀರು ಕಾಸುವ ಬಾಯ್ಲರ್. ಎರಡಕ್ಕೂ ವಯಸ್ಸಾಗಿತ್ತು. ಹಿಂದಿನ ತಿಂಗಳು ಸಾವ್ಕಾರ್ರ ಮಗಳನ್ನು ನೋಡಲು ಬಂದಿದ್ದ ಹುಡುಗನ ಬಿಳಿ ಅಂಗಿಯ ಮೇಲೆ ಆ ಕೊಳವೆ ತುಕ್ಕು ನೀರು ಉಗುಳಿತ್ತು. ಆ ಕಡೆಯಿಂದ ಮತ್ತೆ ಸುದ್ದಿಯೇ ಇಲ್ಲ.

"ಮುಂದಿನ ಸೋಮವಾರ ಲಿಂಗಸುಗೂರಿನವರು ಬರಾಕತ್ತಾರ," ಎಂದರು ಸಾವ್ಕಾರ್ರು. "ಛಲೋ ಮನೆತನ. ಇದೂ ತಪ್ಪಿದ್ರ ಮಗಳ ಮುಖ ನೋಡಾಕ ಆಗಂಗಿಲ್ಲ ನನಗ. ಹಳೇದೆಲ್ಲ ಕಿತ್ತು ಹೊಸಾದು ಹಾಕು. ಅವತ್ತು ಪಡಸಾಲಿ ತಣ್ಣಗಿರಬೇಕು, ಅಷ್ಟ."

ಎಂಟು ದಿನದ ಕೆಲಸ. ಬುದ್ಧಿ ಇದ್ದವನು ಒಪ್ಪುತ್ತಿರಲಿಲ್ಲ. ನಾನು ಒಪ್ಪಿದೆ.

೧. ಕೊಳವೆಯ ಬಾಯಿ

ಬಳಗಾನೂರಿನ ಇಬ್ಬರು ಆಳುಗಳನ್ನು ಕಟ್ಟಿಕೊಂಡು ಮಾಳಿಗೆ ಮೇಲೆ ಕೊಳವೆ ಬಿಚ್ಚತೊಡಗಿದೆ. ಒಂದು ತುಂಡು ಕಳಚಿತ್ತೋ ಇಲ್ಲವೋ, ಕೊಳವೆಯೊಳಗಿಂದಲೇ ದನಿ ಬಂತು: "ಯಾರಲೇ ಅದು ಮ್ಯಾಲೆ?"

ಕೆಳಗಿನ ಪಡಸಾಲೆಯಲ್ಲಿ ಕೂತಿದ್ದ ಸಾವ್ಕಾರ್ರ ತಾಯಿ. ಆ ಮನೆಯಲ್ಲಿ ಕೊಳವೆ ಗಾಳಿಗಿಂತ ಹೆಚ್ಚು ಮಾತು ಸಾಗಿಸುತ್ತಿತ್ತೆಂದು ಆಮೇಲೆ ತಿಳಿಯಿತು. ಅಮ್ಮ ಕೆಳಗಿನಿಂದ "ಅರಿವಿ ಒಣಗ್ಯಾವೇನ?" ಅಂದರೆ, ಮೂರನೇ ಅಂತಸ್ತಿನಿಂದ ಸೊಸೆ "ಇನ್ನಾ ಇಲ್ರೀ ಅತ್ತಿ" ಅನ್ನಬೇಕು.

"ಮೊಣಕಾಲು ಬ್ಯಾನಿ ನಂದು. ಮೂರು ಮಜಲಾ ನೀ ಹತ್ತಿ ಸೊಸಿನ್ನ ಕರಕೊಂಡು ಬರ್ತಿಯೇನ?" ಎಂದರು ಅಮ್ಮ.

"ಗಾಳಿ ಬರಲೆಂತ ಹಾಕಿದ ಕೊಳವಿರೀ ಅದು, ಅಮ್ಮಾರ."

"ಗಾಳಿ ಯಾವಾಗ ಬಂದೈತಿ ಅದರಾಗ?"

ಕಳಚಿದ್ದನ್ನು ತಿರುಗಿ ಜೋಡಿಸಿದೆ. ಇಳಿದು ಬರುವಾಗ ಸೊಸೆ ಮೆಟ್ಟಿಲಲ್ಲಿ ಅಡ್ಡ ನಿಂತಳು. ಅವಳಿಗೂ ಸಿಟ್ಟು. ದನಿ ತಗ್ಗಿಸಿ ಕೇಳಿದಳು: "ಹೆಂಗೂ ಕೈ ಹಚ್ಚಿದ್ರಿ. ಪೂರಾ ಕಿತ್ತು ಹೋಗಾಕ ಏನಾಗಿತ್ರೀ ಮಿಸ್ತ್ರಿ?"

೨. ಯಾರೂ ಕಾಸದ ನೀರು

ಬಾಯ್ಲರ್ ಇಳಿಸಿ ಬಚ್ಚಲಲ್ಲಿ ಗೀಜರ್ ಕೂರಿಸಿದೆ. ಸಾವ್ಕಾರ್ರ ತಂದೆ ನಳ ತಿರುವಿ, ಬೆರಳಿಟ್ಟು, ಚುರ್ರೆಂದು ತೆಗೆದರು. ಆಮೇಲೆ ಬಗ್ಗಿ ಗೀಜರಿನ ಕೆಳಗೆ ನೋಡಿದರು.

"ಉರಿ ಎಲ್ಲೈತಿ?"

"ಒಳಗ ಕರೆಂಟು ಕಾಸತೈತ್ರೀ, ಯಜಮಾನ್ರ."

"ಉರಿ ಕಾಣಂಗಿಲ್ಲ, ಹೊಗಿ ಇಲ್ಲ, ವಾಸನಿ ಇಲ್ಲ. ಇದರಾಗ ಜಳಕ ಮಾಡಿದ್ರ ಮೈ ಹಗುರಾಕ್ಕೈತೇನು?"

ಮರುದಿನ ಮುಂಜಾನೆ ಹಿತ್ತಲಿಗೆ ಹೋದರೆ, ಮೂರು ಕಲ್ಲು, ಮೇಲೆ ತಾಮ್ರದ ಹಂಡೆ, ಕೆಳಗೆ ಕಟ್ಟಿಗೆ ಉರಿ. ಯಜಮಾನರು ಗೀಜರಿನಿಂದ ಕೊಡಗಟ್ಟಲೆ ಕುದಿನೀರು ತರಿಸಿ ಹಂಡೆಗೆ ಹೊಯ್ಯಿಸುತ್ತಿದ್ದಾರೆ. ನನ್ನ ಮೈಯೆಲ್ಲ ಉರಿಯಿತು.

"ಅದು ಬಿಸಿ ನೀರಲ್ರೀ?"

"ಬಿಸಿ ಐತಿ, ಇಲ್ಲಂದವರ್ಯಾರು?" ಎಂದರು ಬೆಂಕಿ ಊದುತ್ತ. "ಆದ್ರ ಯಾರೂ ಕಾಸಿಲ್ಲಲ್ಲ."

೩. ಗೋಡೆಯಾಚೆಯವರು

ಕೂಲರಿನ ಬದಲು ಪಡಸಾಲೆಯ ಪಕ್ಕದ ಕಿಟಕಿಗೆ ಎಸಿ ಕೂರಿಸಿದೆ. ಅದರ ಬೆನ್ನಿನ ಬಿಸಿ ಗಾಳಿ ಪಕ್ಕದ ಮನೆಯ ಅಂಗಳಕ್ಕೆ ಹೊಡೆಯಿತು. ಆ ಮನೆಯ ಅಕ್ಕ ಸೆರಗು ಬಿಗಿದು ಬಂದೇಬಿಟ್ಟರು.

"ತಂಪು ನಿಮಗ, ಬೆಂಕಿ ನಮಗೇನು? ಇದು ಯಾವೂರ ನ್ಯಾಯ?"

ಅವರ ಮಾತು ಖರೆ ಇತ್ತು. ಇಡೀ ಮಧ್ಯಾಹ್ನ ಏಣಿ ಮೇಲೆ ನಿಂತು, ಗಾಳಿ ಮೇಲಕ್ಕೆ ತಿರುಗುವ ಹಾಗೆ ತಗಡು ಬಡಿದೆ. ಮರುದಿನ ಅದೇ ಅಕ್ಕ, ಇಮ್ಮಡಿ ಸಿಟ್ಟಲ್ಲಿ: "ಗಾಳಿ ಎಲ್ಲಿ ತಿರುವಿದಿ?"

"ನೀವ ಬ್ಯಾಡಂದ್ರೆಲ್ಲರೀ ಅಕ್ಕಾರ."

"ನಿಮ್ಮ ಮೂರು ಮಜಲಾ ಅಡ್ಡ ನಿಂತು ನಮ್ಮಂಗಳಕ್ಕ ಬಿಸಿಲ ಬರಂಗಿಲ್ಲ. ನಿನ್ನೆ ಹಾಕಿದ ಶಂಡಿಗಿ ಆ ಗಾಳಿಗೆ ಮಧ್ಯಾಹ್ನಕ್ಕ ಗರಿಗರಿ ಒಣಗಿದ್ವು. ಇವತ್ತಿನವು ಹಸೀನ ಅದಾವ. ತಗಡ ತಗಿ ಮೊದಲು."

ತೆಗೆದೆ. ಸಂಜೆ ಅಕ್ಕ ಹೇಳಿ ಕಳಿಸಿದರು: "ನಾಳೆ ಹೊತ್ತು ಮೂಡಿದಕೂಡ್ಲೆ ಮಶೀನು ಚಾಲೂ ಮಾಡಂತ ಹೇಳ್ರಿ, ಹಪ್ಪಳ ಅದಾವ."

೪. ಮುಚ್ಚಿದ ತಲಬಾಗಿಲು

ಎಸಿ ಎಷ್ಟು ಓಡಿದರೂ ಪಡಸಾಲೆ ತಣ್ಣಗಾಗಲೊಲ್ಲದು. ಆಗುವುದಾದರೂ ಹೇಗೆ? ತಲಬಾಗಿಲು ಮುಂಜಾನೆ ತೆರೆದರೆ ಮಲಗುವ ತನಕ ಹಾಕುವುದಿಲ್ಲ.

"ಬಾಗಲಾ ಹಾಕ್ರಿ," ಎಂದೆ.

"ಹಾಡುಹಗಲು ತಲಬಾಗಲಾ ಹಾಕಾಕ ನಮ್ಮನ್ಯಾಗ ಏನಾಗೈತಿ?" ಎಂದರು ಸಾವ್ಕಾರ್ರು. "ನಿನ್ನ ಮಶೀನ ಖೊಟ್ಟಿ ಅನ್ನು."

"ಸಿಂಧನೂರಿನ ಓಣಿ ಎಲ್ಲಾ ತಣ್ಣಗ ಮಾಡೋ ಮಶೀನ ಇನ್ನಾ ಬಂದಿಲ್ರೀ," ಎಂದೆ. ನನಗೂ ತಾಳ್ಮೆ ಮುಗಿದಿತ್ತು.

ಸೋಮವಾರ ಹತ್ತು ಗಂಟೆಗೆ ಸಾವ್ಕಾರ್ರು ಒಲ್ಲದ ಮನಸ್ಸಿನಿಂದ ಬಾಗಿಲು, ಕಿಟಕಿ ಎಲ್ಲ ಹಾಕಿಸಿದರು. ಹನ್ನೊಂದರ ಹೊತ್ತಿಗೆ ಪಡಸಾಲೆ ಬಾವಿಯೊಳಗಿನ ಹಾಗೆ ತಣ್ಣಗಾಯಿತು. ಹೊಸ ಸೀರೆ ಉಟ್ಟು ಮಗಳು ಒಳಕೋಣೆಯಲ್ಲಿ, ನಾವೆಲ್ಲ ಪಡಸಾಲೆಯಲ್ಲಿ. ಹನ್ನೆರಡಾಯಿತು, ಒಂದಾಯಿತು. ಯಾರೂ ಇಲ್ಲ. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಪಕ್ಕದ ಮನೆ ಅಕ್ಕ ಬಂದರು.

"ಅಲ್ರೀ, ಲಿಂಗಸುಗೂರಿನವರಂತ ಐದು ಮಂದಿ ಬಂದಿದ್ರು. ಕೂಗಿದ್ರು, ಬಾಗಲಾ ಬಡಿದ್ರು, ಹೋದ್ರು. ನಿಮಗ ಸಂಬಂಧ ಬ್ಯಾಡಾಗೇತಿ ಅಂತ ನಾ ಸುಮ್ಮನಿದ್ದೆ."

ಎಸಿಯ ಗದ್ದಲದಲ್ಲಿ ನಮಗೆ ಒಂದೂ ಕೇಳಿರಲಿಲ್ಲ. ಒಳಕೋಣೆಯಲ್ಲಿ ಹುಡುಗಿ ಅಳತೊಡಗಿದಳು. ಸಾವ್ಕಾರ್ರು ನನ್ನ ರಟ್ಟೆ ಹಿಡಿದು ಜೀಪಿಗೆ ತುಂಬಿದರು.

ಲಿಂಗಸುಗೂರಿನ ದಾರಿಯಲ್ಲಿ, ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಬಸ್ಸು ನಿಂತಿತ್ತು, ಐವರೂ ಚಹಾ ಕುಡಿಯುತ್ತಿದ್ದರು. ಹುಡುಗನ ದೊಡ್ಡಪ್ಪ ಗ್ಲಾಸು ಕೆಳಗಿಡದೆ ಹೇಳಿದರು: "ಒಲ್ಲೆ ಅನ್ನಂಗಿದ್ರ ಒಂದು ಕಾಗದ ಹಾಕಬೇಕಿತ್ರೀ ಸಾವ್ಕಾರ್ರ. ಒಳಗ ಕುಂತು ಬಾಗಲಾ ಹಾಕ್ಕೊಳ್ಳೋದು ಮರ್ಯಾದಿ ಅಲ್ಲ."

ಸಾವ್ಕಾರ್ರು ನನ್ನನ್ನು ಮುಂದೆ ತಳ್ಳಿದರು. "ಹಾಕಿಸಿದವ ಇವ."

ಬಿಸಿಲಲ್ಲಿ ನಿಂತು, ತಂಪು ಹೇಗೆ ಸೋರುತ್ತದೆಂದು ಐದು ಜನಕ್ಕೆ ತಿಳಿಸಿ ಹೇಳಿದೆ. ಕಂಡಕ್ಟರೂ ನಿಂತು ಕೇಳಿಸಿಕೊಂಡ. ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು, "ಅಂದ್ರ ತಂಪು ಒಳಗಿರಲಿ ಅಂತ ಬೀಗರನ್ನ ಹೊರಗಿಟ್ರಿ," ಎಂದರು. ಆದರೂ ಜೀಪು ಹತ್ತಿದರು.

ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದರು, ಒಪ್ಪಿದರು. ದೊಡ್ಡಪ್ಪ ಎಸಿ ಎದುರು ಟವೆಲ್ಲು ಕಿವಿಗೆ ಸುತ್ತಿಕೊಂಡು ಕೂತವರು ಎರಡು ಸಲ ಸೀನಿ, ಗಂಟಲು ಸರಿಮಾಡಿಕೊಂಡರು.

"ಹುಡುಗಿ ಮನಸಿಗೆ ಬಂದಾಳ. ಆದ್ರ ಒಂದು ಮಾತೈತಿ."

ಸಾವ್ಕಾರ್ರ ಮುಖ ಇಳಿಯಿತು. ವರದಕ್ಷಿಣೆ ಎಷ್ಟು ಕೇಳುತ್ತಾರೋ ಎಂದು ಎಲ್ಲರೂ ದೊಡ್ಡಪ್ಪನ ಕಡೆ ಬಗ್ಗಿದರು.

"ಮದುವ್ಯಾಗ ನೀವು ಏನರ ಕೊಡ್ರಿ, ಬಿಡ್ರಿ. ಈ ತಂಪಿನ ಪೆಟಿಗಿ ಮಾತ್ರ ಹುಡುಗಿ ಜೋಡಿ ಕಳಸಬ್ಯಾಡ್ರಿ. ನಮ್ಮ ಮನಿಗೆ ಮಂದಿ ಬರ್ತಾರ."