ಒಬ್ಬಳೇ ಸ್ಪರ್ಧಿಸಿ ಎರಡನೆಯವಳಾದ ಬಗ್ಗೆ

ಸ್ಲೇಡ್‌ಬೆಕ್ ಸಂಗೀತ ಸ್ಪರ್ಧೋತ್ಸವದ ಗೌರವ ಕಾರ್ಯದರ್ಶಿಗಳಾದ ಶ್ರೀ ಲಯನೆಲ್ ಕ್ರಾಬ್‌ಟ್ರೀ ಅವರ ಸನ್ನಿಧಿಗೆ,

ಮಾನ್ಯರೇ,

ಮೂವತ್ತೊಂದು ವರ್ಷಗಳಿಂದ ಒಂದೇ ಕುರ್ಚಿಯಲ್ಲಿ ಕೂತು ನಮ್ಮೂರಿನ ಸಂಗೀತವನ್ನು ಕಾಪಾಡುತ್ತ ಬಂದಿರುವ ತಮಗೆ, ಶಾಲೆಯ ಅಡುಗೆಮನೆಯಿಂದ ನಿವೃತ್ತಳಾಗಿ ಅರವತ್ತಾರನೇ ವಯಸ್ಸಿನಲ್ಲಿ ಕ್ಲಾರಿನೆಟ್ ಹಿಡಿದ ವಿನಿಫ್ರೆಡ್ ಆಕ್ರಾಯ್ಡ್ ಮಾಡುವ ವಂದನೆಗಳು. ಕಳೆದ ಶನಿವಾರ ನನಗೆ ಎರಡನೇ ಸ್ಥಾನ ದಯಪಾಲಿಸಿದ್ದಕ್ಕೆ ಕೃತಜ್ಞತೆ ಸಲ್ಲಿಸುವುದೇ ಈ ಪತ್ರದ ಉದ್ದೇಶ. ಆ ವರ್ಗದಲ್ಲಿ ನುಡಿಸಿದ್ದು ನಾನೊಬ್ಬಳೇ ಎಂಬ ಸಣ್ಣ ಸಂಗತಿ ಊರಿನವರಿಗೂ ತಿಳಿಯಲೆಂದು ಇದರ ಒಂದು ಪ್ರತಿಯನ್ನು ಗ್ರಂಥಾಲಯದ ಫಲಕಕ್ಕೂ ಅಂಟಿಸಿದ್ದೇನೆ.

ಅರ್ಜಿಯ ದಿನದಿಂದಲೇ ತಮ್ಮ ಕಾಳಜಿ ನನ್ನ ಮೇಲಿತ್ತು. 'ಅರವತ್ತು ದಾಟಿದ ಹೊಸ ಕಲಿಕೆಯವರು, ಯಾವುದೇ ವಾದ್ಯ' ಎಂಬ ನಲವತ್ತೇಳನೇ ವರ್ಗಕ್ಕೆ ನಾನು ಕಳಿಸಿದ ಅರ್ಜಿಯಲ್ಲಿ ಅವಧಿ 'ಸುಮಾರು ನಾಲ್ಕು ನಿಮಿಷ' ಎಂದಿದ್ದುದರಿಂದ ಅದನ್ನು ತಾವು ವಾಪಸು ಕಳಿಸಿದಿರಿ. 'ನಾಲ್ಕು ನಿಮಿಷ ಹತ್ತು ಸೆಕೆಂಡು' ಎಂದು ತಿದ್ದಿ ಕಳಿಸಿದಾಗ ಶಾಯಿ ನೀಲಿಯಾಗಿದೆ, ಕಪ್ಪಿರಬೇಕಿತ್ತು ಎಂದು ಮತ್ತೆ ವಾಪಸು ಬಂತು. ಜೊತೆಗೆ ತಮ್ಮ ಕೈಬರಹದಲ್ಲೇ ಒಂದು ಚೀಟಿ: 'ಇಪ್ಪತ್ಮೂರು ನಿಯಮಗಳನ್ನೂ ದಯವಿಟ್ಟು ಗಮನವಿಟ್ಟು ಓದಿ.' ಓದಿದೆ. ಮೂರು ಸಲ ಓದಿದೆ.

ಆ ವರ್ಗಕ್ಕೆ ಹೆಸರು ಕೊಟ್ಟಿದ್ದ ಇನ್ನೊಬ್ಬರು ನನ್ನ ಪಕ್ಕದ ಮನೆಯ ಹೊರೇಸ್ ಬಟರ್‌ವರ್ತ್, ಹಳೆಯ ಅಂಚೆಯವ, ಈಗ ಟ್ರಾಂಬೋನ್ ಕಹಳೆ ಊದುವವ. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಒಂದೇ ಗೋಡೆ. ನಾನು ಸ್ವರ ತಪ್ಪಿದರೆ ಅವನು ಆ ಕಡೆಯಿಂದ ಬಡಿಯುತ್ತಿದ್ದ, ಅವನು ತಪ್ಪಿದರೆ ನಾನು ಈ ಕಡೆಯಿಂದ. ಎರಡು ವರ್ಷದಲ್ಲಿ ಆ ಗೋಡೆ ಕಂಡಷ್ಟು ಪೆಟ್ಟನ್ನು ಊರಿನ ಯಾವ ಡ್ರಮ್ಮೂ ಕಂಡಿರಲಾರದು. ಉತ್ಸವಕ್ಕೆ ನಾಲ್ಕು ದಿನ ಇರುವಾಗ ಅವನ ಹೃದಯದ ಕವಾಟ ಕೈಕೊಟ್ಟು ಆಸ್ಪತ್ರೆ ಸೇರಿದ. ಬರುವ ಗುರುವಾರ ಶಸ್ತ್ರಚಿಕಿತ್ಸೆ.

ಹೀಗಾಗಿ ಶನಿವಾರ ಚರ್ಚಿನ ಸಭಾಂಗಣಕ್ಕೆ ನಾನೊಬ್ಬಳೇ ಬಂದೆ. ಒಂಬತ್ತು ನಲವತ್ತಕ್ಕೆ ಕರೆಯಬೇಕಾದವಳನ್ನು ಒಂದೂಕಾಲಿಗೆ ಕರೆದು, ಎಂಟು ವರ್ಷದೊಳಗಿನ ಹತ್ತೊಂಬತ್ತು ಮಕ್ಕಳ ಕೊಳಲನ್ನು ಪೂರ್ತಿ ಕೇಳುವ ಭಾಗ್ಯವನ್ನು ತಾವು ನನಗೆ ಒದಗಿಸಿದಿರಿ. ಹತ್ತೊಂಬತ್ತು ಮಕ್ಕಳು, ಅದೇ ಒಂದು ಹಾಡು. ನನ್ನ ಸರದಿಯಲ್ಲಿ ಎದುರಿಗೆ ಏಳು ಜನರಿದ್ದರು, ಅವರಲ್ಲಿ ನಾಲ್ವರು ಚಹಾಕ್ಕೆ ಕಾಯುತ್ತಿದ್ದವರು. ಮಧ್ಯದಲ್ಲಿ ಒಂದು ಸಲ ವಾದ್ಯ ಬಾತುಕೋಳಿಯಂತೆ ಕೂಗಿತು, ಆದರೂ ಕೊನೆಯ ತನಕ ನುಡಿಸಿದೆ. ಲಂಡನ್ನಿನಿಂದ ದಯಮಾಡಿಸಿದ್ದ ತೀರ್ಪುಗಾರರು ಎದ್ದು, 'ಎರಡನೇ ಸ್ಥಾನ, ಶ್ರೀಮತಿ ಆಕ್ರಾಯ್ಡ್' ಎಂದು ಘೋಷಿಸಿದರು. ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಚಹಾದ ಮೇಜಿನ ಹತ್ತಿರ ತಮ್ಮನ್ನೇ ಕೇಳಿದ್ದು ನೆನಪಿರಬಹುದು.

"ಕ್ರಾಬ್‌ಟ್ರೀ ಅವರೇ, ಮೊದಲನೇ ಸ್ಥಾನ ಯಾರಿಗೆ ಬಂತು?"

"ಯಾರಿಗೂ ಇಲ್ಲಮ್ಮ. ಮಟ್ಟ ಸಾಲದಿದ್ರೆ ಅದನ್ನ ತಡೆಹಿಡೀತೀವಿ. ನಿಯಮ ಹನ್ನೊಂದು, ಓದ್ಲಿಲ್ವಾ ನೀವು?" ಎಂದು, ಬಾಯಲ್ಲಿದ್ದ ಬಿಸ್ಕತ್ತನ್ನು ನುಂಗುವ ಆತುರವೂ ಇಲ್ಲದೆ ಹೇಳಿದಿರಿ. ಅಂಥ ನೆಮ್ಮದಿ ಎಲ್ಲರಿಗೂ ಸಿಗುವುದಿಲ್ಲ.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ. ಹೊರೇಸ್ ಮೂರು ದಿನದಿಂದ ಗೋಡೆ ಕಡೆ ತಿರುಗಿ ಮಲಗಿದ್ದ. ಊಟ ಬೇಡ, ಮಾತು ಬೇಡ. ಟ್ರಾಂಬೋನು ಮಾರಿಬಿಡು ಎಂದು ಮಗಳಿಗೆ ಹೇಳಿಬಿಟ್ಟಿದ್ದನಂತೆ. ನಾನು ಕೂತ ಮೇಲೆ ತಿರುಗದೆಯೇ ಕೇಳಿದ:

"ಎಷ್ಟನೇದು ಬಂದೆ ವಿನ್ನಿ?"

"ಎರಡನೇದು."

"ಎಷ್ಟು ಜನ ಇದ್ರು?"

"ನಾನೊಬ್ಬಳೇ."

ಆಮೇಲೆ ಮೆಲ್ಲಗೆ ನನ್ನ ಕಡೆ ಹೊರಳಿದ. "ಹಾಗಾದ್ರೆ ಮೊದಲನೇದು ನಾನೇ ಕಣೆ. ಪಟ್ಟೀಲಿದ್ದ ಇನ್ನೊಂದು ಹೆಸರು ನಂದೇ ತಾನೆ?"

ಎಂದವನು ನಗಲು ಶುರುಮಾಡಿದ. ಹಾಸಿಗೆಯ ಪಕ್ಕದ ಯಂತ್ರ ಕೂಗಿಕೊಂಡು, ನರ್ಸ್ ಓಡಿಬಂದು ಗದರಿದರೂ ನಿಲ್ಲಿಸಲಿಲ್ಲ. "ನೋಡಿ ಸಿಸ್ಟರ್, ಹಾಸಿಗೆ ಬಿಟ್ಟು ಏಳದೇನೆ ಇವಳನ್ನ ಸೋಲಿಸಿದೀನಿ" ಎಂದು ವಾರ್ಡಿಗೆಲ್ಲ ಕೇಳುವಂತೆ ಸಾರಿದ. ಆ ಸಂಜೆ ಸೂಪು ಕುಡಿದ. ನಾನು ಹೊರಡುವಾಗ, "ಮಗಳಿಗೆ ಹೇಳು, ಅದನ್ನ ಮಾರೋದು ಬೇಡ" ಎಂದ. ಬಸ್ಸಿನಲ್ಲಿ ಕೂತು ಅತ್ತೆ, ತಮಗೆ ಹೇಳಲು ಅಡ್ಡಿಯಿಲ್ಲ.

ಆದ್ದರಿಂದ ಮಾನ್ಯರೇ, ನನ್ನ ಬಿನ್ನಹ ಇಷ್ಟೇ. ನಲವತ್ತೇಳನೇ ವರ್ಗದ ಮೊದಲ ಬಹುಮಾನವಾದ ಬೆಳ್ಳಿ ಬಟ್ಟಲು ತಮ್ಮ ಕಪಾಟಿನಲ್ಲಿ ಯಾರಿಗೂ ಸಲ್ಲದೆ ಕೂತಿದೆ. ಅದರ ಮೇಲೆ ಹೊರೇಸ್ ಬಟರ್‌ವರ್ತ್ ಎಂದು ಕೆತ್ತಿಸಿ, ಕೊರಳಿಗೆ ತಮ್ಮ ಪದವಿಯ ಪದಕದ ಸರ ಧರಿಸಿ, ತೀರ್ಪುಗಾರರನ್ನೂ ಜೊತೆಗೆ ಕರೆದುಕೊಂಡು, ಬುಧವಾರ ಸಂಜೆಯೊಳಗೆ ಆರನೇ ವಾರ್ಡಿಗೆ ಬಂದು ಒಪ್ಪಿಸಬೇಕು. ನಿಯಮ ಅಡ್ಡ ಬರುತ್ತದೆಂಬ ಚಿಂತೆ ಬೇಡ. ಗೆದ್ದವನು ನುಡಿಸಿರಲೇಬೇಕು ಎಂದು ಆ ಇಪ್ಪತ್ಮೂರು ನಿಯಮಗಳಲ್ಲಿ ಎಲ್ಲಿಯೂ ಬರೆದಿಲ್ಲ.

ಒಬ್ಬಳೇ ಓಡಿಯೂ ಹಿಂದೆ ಬಿದ್ದ,
ತಮ್ಮ ವಿಶ್ವಾಸಿ,
ವಿನಿಫ್ರೆಡ್ ಆಕ್ರಾಯ್ಡ್

ಮರೆತಿದ್ದು: ಬರುವ ವರ್ಷದ ಯುಗಳ ವಾದನಕ್ಕೆ ನಮ್ಮಿಬ್ಬರ ಅರ್ಜಿಯನ್ನು ಕಪ್ಪು ಶಾಯಿಯಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಬೇರೆ ಯಾವ ಜೋಡಿಯೂ ಬಾರದಿದ್ದರೆ ಮೂರನೇ ಸ್ಥಾನಕ್ಕೂ ನಮ್ಮ ತಕರಾರಿಲ್ಲ. ಆದರೆ ನಮಗಿಂತ ಮೇಲೆ ಬಂದ ಎರಡು ಜೋಡಿಗಳಿಗೂ ನಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಿರಬೇಕು, ಕೈಕುಲುಕಿ ಅಭಿನಂದಿಸಬೇಕಲ್ಲ.