ಗಜೇಂದ್ರಗಡದಲ್ಲಿ ನಾನು ಆಡದೆ ಬಂದ ಮಾತು

ಗಜೇಂದ್ರಗಡದ ಸಭೆಯ ನಡುವೆ ರುಮಾಲು ಬಿಚ್ಚಿ ಹೆಗಲ ಮೇಲೆ ಇಳಿಯಬಹುದಿತ್ತು. ದಾರಿಯಲ್ಲಿ ಮಳೆ ಹಿಡಿದು, ಎರೆಮಣ್ಣಿನಲ್ಲಿ ಚಕ್ಕಡಿಯ ಗಾಲಿ ಹೂತು, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ನಾನು ಸಭೆಗೆ ಹೋಗಬೇಕಾಗಬಹುದಿತ್ತು. ಮೊದಲ ಶ್ಲೋಕ ಮರೆತು ಮದುವೆಯ ಮಂಗಲಾಷ್ಟಕ ಶುರುಮಾಡಬಹುದಿತ್ತು. ನರಗುಂದದ ಕಡೆಯ ಜಾಣರೊಬ್ಬರು ಹಿಂದಿನ ಸಾಲಿನಲ್ಲಿ ಕುಳಿತು, ನಾನು ಹೆಸರೂ ಕೇಳದ ಅಲಂಕಾರವೊಂದರ ಲಕ್ಷಣ ಕೇಳಬಹುದಿತ್ತು. ಹಿರಿಯರು ನಿದ್ದೆಹೋಗಬಹುದಿತ್ತು, ಅದಕ್ಕಿಂತ ಕೆಟ್ಟದ್ದೆಂದರೆ, ಎಚ್ಚರವಿದ್ದು ಕೇಳಬಹುದಿತ್ತು. ಇದರಲ್ಲಿ ಯಾವುದೂ ಆಗಲಿಲ್ಲ. ಚಿಂತೆ ಮಾಡುವವನ ದುರ್ದೈವ ನೋಡಿ, ಅವನು ಅಷ್ಟು ಕಷ್ಟಪಟ್ಟು ಕೂಡಿಸಿಟ್ಟ ಆಪತ್ತುಗಳಲ್ಲಿ ಒಂದೂ ಸಮಯಕ್ಕೆ ಒದಗುವುದಿಲ್ಲ.

ನನ್ನ ಕಸುಬು ಮಾತಾಡುವುದನ್ನು ಕಲಿಸುವುದು. ಪ್ರಾಯದಲ್ಲಿ ನರಗುಂದದ ಗುರುಗಳೊಬ್ಬರ ಮನೆಯಲ್ಲಿದ್ದು ಈ ವಿದ್ಯೆ ಕಲಿತೆ. ಅವರು ಮಾತಿನ ಸೊಗಸನ್ನು ಬಹಳ ಚೆನ್ನಾಗಿ ವರ್ಣಿಸುತ್ತಿದ್ದರು. ಶಿಷ್ಯರು ಮಾತಾಡಿದರೆ ಮಾತ್ರ ಸಿಟ್ಟಿಗೇಳುತ್ತಿದ್ದರು. ವಿದ್ಯೆ ಮುಗಿಸಿ ರೋಣಕ್ಕೆ ಬಂದು, ಮನೆಯ ಜಗುಲಿಯ ಮೇಲೇ ಪಾಠ ಹಚ್ಚಿದೆ. ಕುಂಪಣಿ ಸರಕಾರದ ಕಚೇರಿ ಊರಿಗೆ ಬಂದಿತ್ತು. ಮಾಮಲೇದಾರರ ಮುಂದೆ ನಿಂತು ಅಹವಾಲು ಹೇಳಬೇಕಾದವರೆಲ್ಲ ನನ್ನ ಬಾಗಿಲಿಗೆ ಬರುವರೆಂದು ನನ್ನ ಎಣಿಕೆ. ಒಬ್ಬ ಬಂದ, ಮುಶಿಗೇರಿಯ ರೈತ. ಮಗ್ಗುಲ ಹೊಲದವನು ಇವನ ಬದು ಒಡೆದು ಹರಗಿದ್ದ. ಅಹವಾಲಿಗೆ ಮೊದಲು ಅಧಿಕಾರಿಯ ಸ್ತುತಿ ಇರಬೇಕೆಂದು ಕಲಿಸಿ ಕಳಿಸಿದೆ. ಅವನು ಸ್ತುತಿಯಲ್ಲಿ ಇನ್ನೂ ಮಾಮಲೇದಾರರ ಪಾದದಿಂದ ಮೊಣಕಾಲಿಗೆ ಏರಿದ್ದನಷ್ಟೆ, ಕಚೇರಿ ಎದ್ದುಬಿಟ್ಟಿತು. ತಿರುಗಿ ಬಂದವನು ನನ್ನನ್ನು ಬಯ್ಯಲು ಪೀಠಿಕೆಯನ್ನೇನೂ ಹಾಕಲಿಲ್ಲ. ಆ ಬೈಗುಳದಲ್ಲಿ ಎಂಥ ಓಟ, ಎಂಥ ಖಚಿತತೆ! ನಾನು ಕಲಿಸದೆ ಬಿಟ್ಟದ್ದೆಲ್ಲ ಅದರಲ್ಲಿತ್ತು.

ಆಮೇಲೆ ಜಗುಲಿ ಬರಿದಾಯಿತು. ಹೊಳೆಮಣ್ಣೂರಿನಿಂದ ಮಾವನವರು ಹೇಳಿ ಕಳಿಸಿದರು: “ಅಳಿಯಂದಿರು ಒದರೂದು ಚಲೋ ಕಲ್ತಾರಂತ. ನಮ್ಮ ಜೋಳದಾಗ ಹಕ್ಕಿ ಹೊಡೀಲಿಕ್ಕೆ ಬರಲಿ.” ಬಾಯಿಗೂ ಹೊಟ್ಟೆಗೂ ಒಂದೇ ಸಲ ಉದ್ಯೋಗ ಸಿಗುವುದು ಒಳ್ಳೆಯದೇ. ಆದರೂ ಕಾವ್ಯಲಕ್ಷಣ ಓದಿದವನು ಹೊಲದ ಕಾವಲು ಮಂಚಿಕೆಯ ಮೇಲೆ ನಿಂತು ಗಿಳಿಗಳನ್ನು ಹೆದರಿಸುವುದೆಂದರೆ ಮನಸ್ಸು ಒಪ್ಪಲಿಲ್ಲ.

ಅಷ್ಟರಲ್ಲೇ ಗಜೇಂದ್ರಗಡದಿಂದ ಕರೆ ಬಂತು. ಅಲ್ಲಿಯ ಪೇಟೆಯ ಹಿರಿಯರಾದ ವಿರೂಪಾಕ್ಷಪ್ಪ ಶೆಟ್ಟರು ವ್ಯಾಪಾರಸ್ಥರಿಗೆ ಮಾತು ಕಲಿಸಲೆಂದು ಒಂದು ಸಾಲೆ ತೆರೆಯುವವರಿದ್ದರು. ಸಭೆಯಲ್ಲಿ ಒಮ್ಮೆ ಮಾತಾಡಿ ತೋರಿಸಬೇಕು. ಮೆಚ್ಚಿದರೆ ಗುರುವಿನ ಗಾದಿ ನನ್ನದು, ಮೆಚ್ಚದಿದ್ದರೆ ಗಿಳಿಗಳು ನನ್ನವು. ನಾನು ಆರಿಸಿಕೊಂಡ ವಿಷಯ ಮಿತವಾಗಿ ಮಾತಾಡುವುದು. ಭಾಷಣ ಚೊಕ್ಕಟವಾಗಿ ಸಿದ್ಧವಾಯಿತು. ಮಧ್ಯಾಹ್ನ ಆರಂಭಿಸಿದರೆ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತಿತ್ತು.

ಹೊರಡುವಾಗ ಹೆಂಡತಿ ತುಂಗಾ ನನ್ನ ಶಲ್ಯದ ತುದಿಗೆ ಒಂದಿಷ್ಟು ಲವಂಗ ಗಂಟು ಹಾಕಿದಳು.

“ಸಭಾದಾಗ ಗಂಟಲ ಒಣಗಿದ್ರ ಬಾಯಾಗ ಹಾಕ್ಕೋರಿ. ದಾರ್ಯಾಗ ತಿನಬ್ಯಾಡ್ರಿ ಮತ್ತ.”

“ನಾ ಏನ್ ಕೂಸೇನ?”

“ಕೂಸಾಗಿದ್ರ ಹೇಳಿದ್ದು ಕೇಳ್ತಿತ್ತು.”

ದಾರಿಯಲ್ಲಿ, ಸೂಡಿ ಊರಲ್ಲಿ, ಚಕ್ಕಡಿ ಹೊಡೆಯುವ ಹನಮಪ್ಪ ಎತ್ತು ಬಿಚ್ಚಿ ನೀರು ಕುಡಿಸಿದ. ನಾನು ಗಿಡದ ನೆರಳಿನಲ್ಲಿ ನಿಂತು ಭಾಷಣವನ್ನು ಒಮ್ಮೆ ಒಪ್ಪಿಸತೊಡಗಿದೆ.

“ಶಾಸ್ತ್ರಿಗಳ, ಇದನ್ನ ನನಗ ಹೇಳಾಕತ್ತೀರೋ, ಎತ್ತಿಗೋ?” ಎಂದ ಹನಮಪ್ಪ.

“ನಿನಗ ಅಂತ ತಿಳಿ.”

“ಎತ್ತಿಗೇ ಹೇಳ್ರಿ. ನನಗ ಗಾಲಿಗೆ ಎಣ್ಣಿ ಹಾಕೂದೈತಿ.”

ಅಲ್ಲಿಂದ ಮುಂದೆ ಒಂದೊಂದು ಚಿಂತೆ ಎದ್ದಾಗಲೂ ಕೈ ತಾನಾಗಿ ಶಲ್ಯದ ಗಂಟಿಗೆ ಹೋಯಿತು. ರುಮಾಲಿನ ಚಿಂತೆಗೊಂದು ಲವಂಗ, ಶ್ಲೋಕದ ಚಿಂತೆಗೊಂದು, ನರಗುಂದದ ಜಾಣರಿಗೆ ಎರಡು. ಗಜೇಂದ್ರಗಡದ ಗುಡ್ಡ ಕಣ್ಣಿಗೆ ಬೀಳುವಷ್ಟರಲ್ಲಿ ಗಂಟು ಖಾಲಿ. ಚಿಂತೆಗಳು ಮಾತ್ರ ಹಾಗೆಯೇ ಇದ್ದವು.

ಶೆಟ್ಟರ ಪಡಸಾಲೆಯಲ್ಲಿ ಜಮಖಾನ ಹಾಸಿ ಪೇಟೆಯೆಲ್ಲ ಕೂತಿತ್ತು. ನನಗಿಂತ ಮೊದಲು ಬೇರೆ ಪಂಡಿತರು ಬಂದು ಹೋಗಿದ್ದರಂತೆ. ಅದರ ದಣಿವು ಎಲ್ಲರ ಮುಖದಲ್ಲಿ ಇನ್ನೂ ಇತ್ತು. ನಾನು ಎದ್ದು ಕೈಮುಗಿದು ಮೊದಲ ವಾಕ್ಯ ಹೇಳಿದೆ: “ಮಹನೀಯರೇ, ಬೇಕಾದಷ್ಟೇ ಮಾತಾಡುವುದು ಮಾತಿನ ಮೊದಲ ಗುಣ.” ಅಷ್ಟೇ. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ನೀರು ಕೇಳೋಣವೆಂದರೆ, ಸಭೆಯಲ್ಲಿ ನೀರು ಕೇಳುವವನು ಅರ್ಧ ಸೋತಂತೆ ಎಂದು ಊರಿಗೆಲ್ಲ ಪಾಠ ಹೇಳಿದವನು ನಾನೇ. ಶಲ್ಯದ ತುದಿ ತಡವಿದೆ, ಏನೂ ಇಲ್ಲ. ಆಗ ಶೆಟ್ಟರ ಮಗ್ಗುಲಲ್ಲಿದ್ದ ಎಲೆ-ಅಡಿಕೆಯ ತಬಕ ಕಣ್ಣಿಗೆ ಬಿತ್ತು. ಅದರ ಒಂದು ಬದಿಯಲ್ಲಿ ಲವಂಗ! ಬಾಯಿಗಿಂತ ಕೈಸನ್ನೆ ಹೆಚ್ಚು ಹೇಳುತ್ತದೆ ಎಂಬುದೂ ನನ್ನದೇ ಪಾಠ. ಮೆಲ್ಲಗೆ ಬಲಗೈ ಚಾಚಿ ತಬಕವನ್ನು ತೋರಿಸಿ ತಲೆಬಾಗಿದೆ.

ನಮ್ಮ ಕಡೆ ತಬಕ ಎದ್ದಿತೆಂದರೆ ಸಭೆ ಮುಗಿಯಿತೆಂದೇ ಅರ್ಥ. ಚಿಂತೆಗಳ ಅಷ್ಟು ದೊಡ್ಡ ಸಂತೆಯಲ್ಲಿ ಈ ಒಂದು ಮಾತು ನನ್ನ ನೆನಪಿಗೆ ಬರಲಿಲ್ಲ.

“ಆತ್ರ್ಯಾ, ಶಾಸ್ತ್ರಿಗಳ?” ಎಂದರು ಶೆಟ್ಟರು, ನಂಬಲಾಗದೆ.

ಭಾಷಣ ಮುಗಿಯಿತೇ ಎಂದು ಅವರು ಕೇಳಿದ್ದು ತಿಳಿಯದೆ, ಲವಂಗದ ಆಸೆಗೆ, ಹೌದೆಂದು ತಲೆಯಾಡಿಸಿದೆ.

ಪಡಸಾಲೆಯಲ್ಲಿ ಉಸಿರು ಬಿಟ್ಟ ಸಪ್ಪಳ ಕೇಳಿಸಿತು. ಅತ್ತರು ಬಂತು, ಗುಲಾಬಿನೀರು ಬಂತು, ತಬಕ ಸಾಲುಸಾಲಾಗಿ ತಿರುಗಿತು. ಒಬ್ಬ ಮುದುಕರು ಎದ್ದೇ ನಿಂತರು: “ಹಿಂದಿನವ್ರು ಕಡಿಮಿ ಮಾತಾಡ್ರಿ, ಕಡಿಮಿ ಮಾತಾಡ್ರಿ ಅಂತ ಹೇಳಿ ಹೇಳಿ ನಮ್ಮನ್ನ ಕೊಂದ್ರು. ಇವ್ರು ಮಾಡಿ ತೋರ್ಸಿದ್ರು ನೋಡ್ರಿ! ಖರೇ ಗುರು ಅಂದ್ರ ಇವ್ರು.”

“ನಾಳಿಂದನ ಸಾಲಿ ಸುರು ಮಾಡ್ರಿ,” ಎಂದರು ಶೆಟ್ಟರು.

ಹಾಗಲ್ಲ, ಇನ್ನೂ ಬಹಳ ಇದೆ ಎಂದು ಹೇಳಲು ಬಾಯಿ ತೆರೆದೆ. ತೆರೆದ ಬಾಯಿಗೆ ಶೆಟ್ಟರು ಪ್ರೀತಿಯಿಂದ ಒಂದು ಬೀಡಾ ಇಟ್ಟರು.

ಹೀಗೆ ನಾನು ಗುರುವಾದೆ. ಶಿಷ್ಯರೆಲ್ಲ ಮೀಸೆ ಬಂದ ಅಂಗಡಿಕಾರರು, ಚುರುಕಿನವರು. ನಾನು ಪೀಠಿಕೆ ಮುಗಿಸಿ ವಿಷಯಕ್ಕೆ ಬರಲು ಕೆಮ್ಮಿದರೆ ಸಾಕು, ಮುಂದೆ ಕೂತವನು ಕೈಮುಗಿದು ತಬಕ ಸರಿಸುತ್ತಾನೆ: “ಆತ್ರ್ಯಾ ಗುರುಗಳ?” ಯಾವ ಗುಣಕ್ಕಾಗಿ ನನಗೆ ಗಾದಿ ಕೊಟ್ಟರೋ ಅದನ್ನು ನಾನೇ ಮುರಿಯುವುದು ಹೇಗೆ? ಎಲೆ ಹಾಕಿಕೊಂಡು ಮನೆಗೆ ಬರುತ್ತೇನೆ. ಅವರ ವ್ಯಾಪಾರ ಚೆನ್ನಾಗಿ ನಡೆದಿದೆ. ಅದಕ್ಕೆ ನನ್ನ ಪಾಠವೇ ಕಾರಣವೆಂದು ಊರು ಹೇಳುತ್ತದೆ.

ಆದರೆ ಭಾಷಣ ಹೊಟ್ಟೆಯಲ್ಲಿ ಹಾಗೇ ಉಳಿದಿದೆ. ಅಷ್ಟಿಷ್ಟು ಕೇಳಿದ್ದು ಸೂಡಿಯ ದಾರಿಯ ಆ ಎರಡು ಎತ್ತುಗಳು ಮಾತ್ರ. ಓದುವವರಾದರೂ ಕೇಳಲಿ, ನೀವು ಎದ್ದುಹೋದರೂ ನನಗೆ ಕಾಣುವುದಿಲ್ಲವಲ್ಲ ಎಂದು, ಅದನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲೇ ಬರೆಯಲು ಈಗ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿದೆ. “ಮಹನೀಯರೇ” ಎಂದು ಬರೆದೂ ಆಯಿತು. ಅಡುಗೆಮನೆಯಿಂದ ಬಂದ ತುಂಗಾ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಒಳಗೆ ಹೋಗಿ ತಬಕ ತಂದು ನನ್ನ ಮುಂದಿಟ್ಟಳು. ಎಲೆಯ ಮೇಲೆ ಒಂದು ಲವಂಗವಿತ್ತು. ಅಂದು ದಾರಿಯಲ್ಲಿ ನಾನು ಉಳಿಸಿಕೊಳ್ಳಬೇಕಾಗಿದ್ದುದು ಅಷ್ಟೇ.